ಸ್ಪರ್ಧೆಗಳೂ ಬಹುಮಾನಗಳೂ

(ಶತಮಾನೋತ್ಸವ ಸ್ಪರ್ಧಾ ಸಮಿತಿ ಹಾಗೂ ವಲಯ ಪ್ರತಿನಿಧಿಗಳ ಸಂಯುಕ್ತ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬುತ್ತಿರುವ ಈ ಶುಭ ಸಂದರ್ಭದಲ್ಲಿ ಗಾಯನ, ಶ್ರೀಗ್ರಂಥ ರಸಪ್ರಶ್ನೆ, ಪ್ರಬಂಧ, ಭಾಷಣ, ಗೋದಲಿ ರಚನೆ, ಆಟೋಟ ಮೊದಲಾದ ಸ್ಪರ್ಧೆಗಳನ್ನು ಏರ್ಪಡಿಸಬೇಕೆಂದು ತಾವೆಲ್ಲರೂ ತೀರ್ಮಾನಿಸಿರುವುದು ಸಂತೋಷದ ಸಂಗತಿ. ಬಹುಮಾನಗಳ ವೆಚ್ಚವನ್ನು ವಹಿಸಿಕೊಳ್ಳಲು ದಾನಿಗಳೂ ಮುಂದೆ ಬಂದಿದ್ದಾರೆ. ಇನ್ನು ಉಳಿದಿರುವುದು ನಿಯಮಗಳನ್ನು ಬರೆಯುವ ಕೆಲಸ. ಇದು ಒಂದು ಸಂಜೆಯಲ್ಲಿ ಮುಗಿಯುವ ಸಣ್ಣ ಕೆಲಸವೆಂದು ಕೆಲವರಿಗೆ ತೋರಬಹುದು. ಆದರೆ ಸ್ಪರ್ಧೆಯ ನಿಯಮಗಳನ್ನು ಬರೆಯುವವರು, ತಮಗರಿವಿಲ್ಲದೆಯೇ, ಯಾರು ಒಳಗೆ ಬರಬೇಕು, ಯಾರು ಹೊರಗೆ ನಿಲ್ಲಬೇಕು ಎಂಬುದನ್ನೂ ಬರೆದುಬಿಡುತ್ತಾರೆ. ಆದುದರಿಂದಲೇ ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸ್ಪರ್ಧೆಗಳು ಯಾತಕ್ಕಾಗಿ? ನಮ್ಮಲ್ಲಿ ಅತ್ಯುತ್ತಮ ಗಾಯಕರು ಯಾರು, ಅತ್ಯಂತ ಚುರುಕಾದ ಮಗು ಯಾವುದು ಎಂದು ಕಂಡುಹಿಡಿಯುವುದಕ್ಕಾಗಿಯೇ? ಹಾಗಿದ್ದರೆ ಸ್ಪರ್ಧೆಯ ಅವಶ್ಯಕತೆಯೇ ಇಲ್ಲ. ಆ ನಾಲ್ಕೈದು ಹೆಸರುಗಳು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಮುಂದಿನ ಸಾಲಿನ ಬೆಂಚುಗಳಲ್ಲಿ ಕುಳಿತುಕೊಳ್ಳುವ ಅದೇ ಮನೆಗಳು, ಅದೇ ಮಕ್ಕಳು. ಹಿಂದಿನ ಬಾಗಿಲ ಬಳಿ ನಿಂತು ಪೂಜೆ ಮುಗಿದೊಡನೆ ಹೊರಟುಹೋಗುವವರನ್ನು, ವರ್ಷಕ್ಕೊಮ್ಮೆ ಹಬ್ಬದಂದು ಮಾತ್ರ ಕಾಣಸಿಗುವವರನ್ನು, ತಮಗೆ ಏನೂ ಬಾರದೆಂದು ಹಿಂಜರಿಯುವವರನ್ನು ಒಳಗೆ ಕರೆತರುವುದು ನಮ್ಮ ಉದ್ದೇಶವಾಗಿದ್ದರೆ, ಸ್ಪರ್ಧೆಯನ್ನು ಗೆಲ್ಲಬಲ್ಲವರಿಗಾಗಿ ರೂಪಿಸುವುದಲ್ಲ. ಗೆಲ್ಲಲಾರೆವೆಂದು ಈಗಾಗಲೇ ನಂಬಿಕೊಂಡಿರುವವರಿಗಾಗಿ ರೂಪಿಸಬೇಕು. ಇಂದು ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ.

ಸ್ಪರ್ಧೆ ನಮ್ಮ ಧರ್ಮಸಂಪ್ರದಾಯಕ್ಕೆ ಹೊರತಾದುದಲ್ಲ. ಸಂತ ಪೌಲರು ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರ್ಷ ನೆಲೆಸಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳಿಂದ ತಿಳಿಯುತ್ತದೆ. ಆ ಪಟ್ಟಣದ ಸಮೀಪದಲ್ಲಿ ಎರಡು ವರ್ಷಗಳಿಗೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ದೊರೆಯುತ್ತಿದ್ದುದು ಪೈನ್ ಮರದ ಎಲೆಗಳ ಅಥವಾ ಸೆಲೆರಿ ಎಂಬ ಸೊಪ್ಪಿನ ಒಂದು ಕಿರೀಟ. ಕೆಲವೇ ದಿನಗಳಲ್ಲಿ ಅದು ಒಣಗಿಹೋಗುವಂಥದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲರು ಈ ಓಟದ ಪಂದ್ಯವನ್ನೇ ಉದಾಹರಿಸುತ್ತಾರೆ. ಓಡುವವರು ಅನೇಕರಾದರೂ ಪಂದ್ಯದಲ್ಲಿ ಬಹುಮಾನ ಒಬ್ಬನಿಗೆ ಮಾತ್ರ ಎಂಬುದನ್ನು ನೆನಪಿಸಿ, ಆ ಓಟಗಾರನ ಶಿಸ್ತನ್ನು ನಾವು ಕಲಿಯಬೇಕೆನ್ನುತ್ತಾರೆ. ಆದರೆ ಅವರು ಹೇಳುವ ಬಾಡದ ಕಿರೀಟ ಒಬ್ಬನಿಗೆ ಮಾತ್ರ ಮೀಸಲಾದುದಲ್ಲವೆಂಬುದನ್ನು ಗಮನಿಸಬೇಕು. ಅದನ್ನು ಓಡುವ ಎಲ್ಲರೂ ಪಡೆಯಬಹುದು. ಹೀಗೆ ಸ್ಪರ್ಧೆಯಿಂದ ಶ್ರಮವನ್ನು ಎತ್ತಿಕೊಂಡು, ಒಬ್ಬನ ಗೆಲುವಿಗಾಗಿ ಉಳಿದವರೆಲ್ಲರೂ ಸೋಲಬೇಕೆಂಬುದನ್ನು ಪೌಲರು ಕೈಬಿಟ್ಟರು.

ಲೋಕದ ಕ್ರೀಡಾರಂಗವೂ ಈ ದಾರಿಯಲ್ಲಿ ನಿಧಾನವಾಗಿ ನಡೆದುಬಂದಿದೆ. ಪ್ರಾಚೀನ ಒಲಿಂಪಿಯದಲ್ಲಿ ಎರಡನೆಯ ಸ್ಥಾನಕ್ಕೆ ಬಹುಮಾನವಿರಲಿಲ್ಲ. 1896ರಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾದಾಗ ಮೊದಲಿಗನಿಗೆ ಬೆಳ್ಳಿಯ ಪದಕ, ಎರಡನೆಯವನಿಗೆ ಕಂಚಿನದು. ಮೂರನೆಯವನಿಗೆ ಏನೂ ಇಲ್ಲ. ಚಿನ್ನ, ಬೆಳ್ಳಿ, ಕಂಚು ಎಂಬ ಮೂರು ಪದಕಗಳ ಪದ್ಧತಿ ಬಂದದ್ದು 1904ರಲ್ಲಿ. ಈ ಕ್ರೀಡೆಗಳನ್ನು ಪುನರುಜ್ಜೀವನಗೊಳಿಸಿದ ಪಿಯರ್ ಡಿ ಕೂಬರ್ಟಿನ್ ಅವರು ಪ್ಯಾರಿಸಿನಲ್ಲಿ ಯೇಸುಸಭೆಯವರ ಶಾಲೆಯಲ್ಲಿ ಓದಿದವರು. ಒಲಿಂಪಿಕ್ಸಿನ ‘ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ’ ಎಂಬ ಅರ್ಥದ ಲತೀನ್ ಧ್ಯೇಯವಾಕ್ಯವನ್ನು ಅವರು ಪಡೆದದ್ದು ತಮ್ಮ ಮಿತ್ರರಾದ ಹೆನ್ರಿ ದಿದೋನ್ ಎಂಬ ದೊಮಿನಿಕನ್ ಗುರುಗಳಿಂದ. ಭಾಗವಹಿಸುವುದೇ ಗೆಲುವಿಗಿಂತ ಮಿಗಿಲೆಂಬ ಪ್ರಸಿದ್ಧವಾದ ವಿಚಾರವಾದರೋ ದೇವಾಲಯದ ಬೋಧನಾಪೀಠದಿಂದಲೇ ಬಂದುದು. 1908ರ ಜುಲೈ 19ರಂದು ಲಂಡನ್ನಿನ ಸಂತ ಪೌಲರ ಮಹಾದೇವಾಲಯದಲ್ಲಿ ಎಥೆಲ್ಬರ್ಟ್ ಟಾಲ್ಬಟ್ ಎಂಬ ಅಮೆರಿಕದ ಆಂಗ್ಲಿಕನ್ ಪಂಥದ ಬಿಷಪ್ಪರು ಪೌಲರ ಇದೇ ಓಟದ ಮಾತನ್ನು ಆಧರಿಸಿ ಪ್ರಸಂಗ ಮಾಡಿದರು. ಕೆಲವು ದಿನಗಳ ಅನಂತರ ಕೂಬರ್ಟಿನ್ ಅವರು ಅದನ್ನೇ ಎತ್ತಿಕೊಂಡು ಜಗತ್ತಿಗೆ ಸಾರಿದರು. ಕೊನೆಗೆ 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ದಿದೋನ್ ಅವರ ಆ ಮೂರು ಪದಗಳಿಗೆ ನಾಲ್ಕನೆಯದೊಂದನ್ನು ಸೇರಿಸಿತು. ಅದು ‘ಒಟ್ಟಾಗಿ’ ಎಂಬ ಪದ. ಆ ಪದವನ್ನು ಸೇರಿಸಲು ಜಗತ್ತಿಗೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ನಮ್ಮ ವಿಚಾರಣೆ ಅದನ್ನು ಮೊದಲ ದಿನದಿಂದಲೇ ಬರೆದುಕೊಳ್ಳಬಹುದು.

ಇನ್ನು ಶಾಲೆಗಳ ಕಡೆ ನೋಡೋಣ. ಬಹುಮಾನಗಳಿಗೆ ಕ್ರಮಬದ್ಧವಾದ ನಿಯಮಗಳನ್ನು ಬರೆದಿಟ್ಟವರಲ್ಲಿ ಯೇಸುಸಭೆಯವರು ಅಗ್ರಗಣ್ಯರು. 1599ರಲ್ಲಿ ಹೊರಬಂದ ‘ರಾತ್ಸಿಯೋ ಸ್ತುದಿಯೋರುಮ್’ ಎಂಬ ಅವರ ಶಿಕ್ಷಣ ಸಂಹಿತೆಯಲ್ಲಿ ಬಹುಮಾನಗಳಿಗೇ ಒಂದು ಪ್ರತ್ಯೇಕ ಭಾಗವಿದೆ. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದ ಗುರುಗಳು ಇದೇ ಪರಂಪರೆಗೆ ಸೇರಿದವರು. ಆ ನಿಯಮಗಳ ಪ್ರಕಾರ ಸ್ಪರ್ಧಿಯು ತನ್ನ ಉತ್ತರಪತ್ರಿಕೆಯ ಮೇಲೆ ಹೆಸರನ್ನು ಬರೆಯುವಂತಿಲ್ಲ. ಒಂದು ಗುರುತನ್ನು ಮಾತ್ರ ಹಾಕಬೇಕು. ಹೆಸರಿರುವ ಚೀಟಿ ಮುಚ್ಚಿಯೇ ಇರತಕ್ಕದ್ದು. ತೀರ್ಪುಗಾರರು ಮೂವರು, ತೀರ್ಪು ಬಹುಮತದ್ದು. ವಿಜೇತರ ಹೆಸರನ್ನು ಓದಿದ ಮೇಲೆ, ಅವರ ಸಮೀಪಕ್ಕೆ ಬಂದವರ ಹೆಸರನ್ನೂ ಸಭೆಯಲ್ಲಿ ಓದಬೇಕು. ನಾಲ್ಕು ಶತಮಾನಗಳ ಹಿಂದಿನ ಈ ವಿವೇಕ ಇಂದಿಗೂ ಸಲ್ಲುತ್ತದೆ. ಪಕ್ಷಪಾತದ ಸಂದೇಹ ಬಂದೊಡನೆ ಜನರು ಸ್ಪರ್ಧೆಯಿಂದ ದೂರ ಸರಿಯುತ್ತಾರೆ. ಸನಿಹ ಬಂದು ಸೋತವನಿಗೆ ಒಂದು ಒಳ್ಳೆಯ ಮಾತು ದೊರೆತರೆ ಅವನು ಮುಂದಿನ ವರ್ಷವೂ ಬರುತ್ತಾನೆ.

ಆದರೆ ಬಹುಮಾನವೆಂಬುದು ಔಷಧವಿದ್ದಂತೆ; ಅಳತೆ ಮೀರಿದರೆ ರೋಗವನ್ನೇ ತರಬಲ್ಲದು. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದನ್ನು ತಾವಾಗಿಯೇ ಪ್ರೀತಿಸುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆಯೂ ರಿಬ್ಬನ್ನೂ ಇರುವ ಪ್ರಶಸ್ತಿ ಪತ್ರ ಕೊಡುವುದಾಗಿ ಮುಂಚಿತವಾಗಿಯೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರಗಳ ಅನಂತರ ನೋಡಿದಾಗ, ಬಹುಮಾನದ ಆಸೆಯಿಂದ ಚಿತ್ರ ಬಿಡಿಸಿದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬಿಡಿಸುತ್ತಿದ್ದ ಕಾಲವು ಇತರ ಮಕ್ಕಳದರ ಸುಮಾರು ಅರ್ಧದಷ್ಟಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಪಡೆದವರ ಪ್ರೀತಿ ಮಾತ್ರ ಕುಂದಿರಲಿಲ್ಲ.

ಇದರಿಂದ ನಾವು ಮನಗಾಣಬೇಕಾದುದೇನು? ಮಕ್ಕಳು ತಾವಾಗಿ ಪ್ರೀತಿಸುವ ಕೆಲಸಕ್ಕೆ ಬಹುಮಾನದ ಗಾಳ ಹಾಕಬಾರದು. ಪೂಜೆಗೆ ಬಂದ ದಿನಗಳನ್ನು ಎಣಿಸಿ ಬಹುಮಾನ, ಹೇಳಿದ ಜಪಮಾಲೆಗಳನ್ನು ಎಣಿಸಿ ಬಹುಮಾನ, ಇವು ಬೇಡವೇ ಬೇಡ. ಗುಪ್ತವಾಗಿ ಪ್ರಾರ್ಥಿಸಿರೆಂದು ಕಲಿಸಿದ ಪ್ರಭುವಿನ ಮಕ್ಕಳಿಗೆ ಪ್ರಾರ್ಥನೆಯ ಲೆಕ್ಕಪುಸ್ತಕ ತಕ್ಕುದಲ್ಲ. ದೇಣಿಗೆಯಲ್ಲಿಯೂ ಪೈಪೋಟಿ ಸಲ್ಲದು. ಯಾವ ವಲಯ ಹೆಚ್ಚು ಹಣ ಕೂಡಿಸಿತೆಂದು ಫಲಕದ ಮೇಲೆ ಬರೆದರೆ, ಎರಡು ಚಿಕ್ಕ ಕಾಸುಗಳನ್ನು ಹಾಕಿದ ಆ ಬಡ ವಿಧವೆಗೆ ನಮ್ಮ ಫಲಕದಲ್ಲಿ ಕಡೆಯ ಸ್ಥಾನ ಸಿಗುತ್ತದೆ; ಪ್ರಭುವಾದರೋ ಆಕೆಗೆ ಮೊದಲ ಸ್ಥಾನವನ್ನು ಕೊಟ್ಟರು.

ಗಾಯನ ಸ್ಪರ್ಧೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಸಂತ ಹತ್ತನೆಯ ಪಿಯುಸ್ ಜಗದ್ಗುರುಗಳು 1903ರಲ್ಲಿ ದೇವಾಲಯ ಸಂಗೀತವನ್ನು ಕುರಿತು ಹೊರಡಿಸಿದ ಆದೇಶದಲ್ಲಿಯೂ, ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನದಲ್ಲಿಯೂ, ಜನರು ಆರಾಧನೆಯಲ್ಲಿ ಸಕ್ರಿಯವಾಗಿ ಭಾಗವಹಿಸಬೇಕೆಂದು ಒತ್ತಿಹೇಳಲಾಗಿದೆ. ಆದರೆ ಎಷ್ಟೋ ಕಡೆ ಗಾಯನ ಸ್ಪರ್ಧೆಗಳ ಪರಿಣಾಮವಾಗಿ ಗಾಯನವೃಂದಗಳು ಕಠಿಣವಾದ ರಾಗಗಳನ್ನು ಆರಿಸಿಕೊಳ್ಳುತ್ತವೆ. ಕೀಬೋರ್ಡಿನ ಸದ್ದು ಏರುತ್ತದೆ. ಬೆಂಚುಗಳಲ್ಲಿರುವ ಜನರು ಬಾಯಿ ಮುಚ್ಚಿ ಕೇಳುವವರಾಗುತ್ತಾರೆ. ಭಾಗವಹಿಸಲೆಂದು ಏರ್ಪಡಿಸಿದ ಸ್ಪರ್ಧೆ ಭಾಗವಹಿಸುವಿಕೆಯನ್ನೇ ನುಂಗಿದಂತಾಯಿತು. ಇದಕ್ಕೆ ಪರಿಹಾರ ಸುಲಭ. ನೂರು ಅಂಕಗಳಲ್ಲಿ ನಲವತ್ತನ್ನು ಸಭಿಕರು ಎಷ್ಟರಮಟ್ಟಿಗೆ ದನಿಗೂಡಿಸಿದರು ಎಂಬುದಕ್ಕೆ ಮೀಸಲಿಡಿ. ಆಗ ಪ್ರತಿಯೊಂದು ವೃಂದವೂ ತನ್ನ ಹಾಡನ್ನು ಜನರಿಗೆ ಕಲಿಸಲು ತಾನಾಗಿಯೇ ಮುಂದಾಗುತ್ತದೆ.

ಗೋದಲಿಯ ವಿಷಯವೂ ಅಂಥದೇ. 1223ರಲ್ಲಿ ಗ್ರೆಚ್ಚೊ ಎಂಬ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ತಜಯಂತಿಯ ರಾತ್ರಿಗಾಗಿ ಅಣಿಗೊಳಿಸಿದ್ದು ಒಂದಿಷ್ಟು ಹುಲ್ಲು, ಒಂದು ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ಸುತ್ತಲಿನ ಜನರು ದೀವಟಿಗೆಗಳನ್ನು ಹಿಡಿದು ತಂಡೋಪತಂಡವಾಗಿ ಬಂದರು. ಇಂದು ಗೋದಲಿ ಸ್ಪರ್ಧೆಯೆಂದರೆ ಥರ್ಮೋಕೋಲ್, ಬಣ್ಣದ ಸೀರಿಯಲ್ ದೀಪಗಳು, ಮೋಟಾರಿನಿಂದ ಸುರಿಯುವ ಜಲಪಾತ. ಹೆಚ್ಚು ಖರ್ಚು ಮಾಡಿದ ಮನೆಗೆ ಬಹುಮಾನ. ದಿನಗೂಲಿಯ ಮನೆಯವರು ಹೆಸರು ಕೊಡಲು ನಾಚುತ್ತಾರೆ. ಆದುದರಿಂದ, ಸುತ್ತಮುತ್ತ ದೊರೆಯುವ ಮಣ್ಣು, ಹುಲ್ಲು, ಬಿದಿರು, ತೆಂಗಿನ ಗರಿ, ಹಳೆಯ ಬಟ್ಟೆ, ಇವುಗಳಿಂದಲೇ ರಚಿಸಬೇಕೆಂಬ ನಿಯಮವಿರಲಿ. ಕೊಂಡು ತಂದ ವಸ್ತುಗಳಿಗೆ ಒಂದು ಸಣ್ಣ ಮಿತಿಯಿರಲಿ. ನೋಡಲು ಹೋಗುವ ತೀರ್ಪುಗಾರರು ಮಕ್ಕಳನ್ನು ಕರೆದು, ಇದನ್ನು ಹೇಗೆ ಮಾಡಿದಿರಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಲಿ. ಮನೆಮಂದಿ ಕೂಡಿ ಮಾಡಿದ್ದೋ, ಹಣಕೊಟ್ಟು ಮಾಡಿಸಿದ್ದೋ ಎಂಬುದು ಎರಡು ನಿಮಿಷಗಳಲ್ಲಿ ತಿಳಿದುಹೋಗುತ್ತದೆ.

ಬಹುಮಾನಗಳ ಸಂಖ್ಯೆಯ ಬಗ್ಗೆಯೂ ಯೋಚಿಸಬೇಕು. ಅರವತ್ತು ಮಕ್ಕಳು ಭಾಗವಹಿಸಿ ಮೂವರಿಗೆ ಬಹುಮಾನ ಬಂದರೆ, ಐವತ್ತೇಳು ಮಕ್ಕಳು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲುಗಳಿವೆ. ಮೇಲೇರಿದಂತೆಲ್ಲ ಮಕ್ಕಳ ಸಂಖ್ಯೆ ಕಿರಿದಾಗುತ್ತದೆ. ಪ್ರತಿಭೆಯನ್ನು ಶೋಧಿಸಲು ಅದು ಸರಿಯಾದ ದಾರಿಯೇ. ನಮ್ಮದು ಶೋಧನೆಯಲ್ಲ, ಸೇರಿಸುವಿಕೆ. ಹಾಗೆಂದು ಎಲ್ಲರಿಗೂ ಒಂದೊಂದು ಸ್ಟೀಲ್ ಲೋಟ ಹಂಚಿಬಿಡುವುದೂ ಪರಿಹಾರವಲ್ಲ. ಶ್ರಮಪಡದೆ ಬಂದುದಕ್ಕೆ ಬೆಲೆಯಿಲ್ಲವೆಂಬುದು ಹತ್ತು ವರ್ಷದ ಮಗುವಿಗೂ ಗೊತ್ತು. ಇವೆರಡರ ನಡುವೆ ಒಂದು ದಾರಿಯಿದೆ.

ಆ ದಾರಿಯನ್ನು ಶುಭಸಂದೇಶವೇ ತೋರಿಸುತ್ತದೆ. ತಲೆಂತುಗಳ ಸಾಮತಿಯಲ್ಲಿ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಕೊಡಲಾಯಿತು. ಐದನ್ನು ಹತ್ತು ಮಾಡಿದವನಿಗೂ, ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನನು ಆಡಿದ ಹೊಗಳಿಕೆಯ ಮಾತು ಅಕ್ಷರಶಃ ಒಂದೇ. ಹತ್ತು ದೊಡ್ಡದು, ನಾಲ್ಕು ಚಿಕ್ಕದು ಎಂದು ಅವನು ಅವರನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ. ಕೊಟ್ಟುದರಿಂದ ಎಷ್ಟು ದುಡಿದರೆಂಬುದನ್ನು ನೋಡಿದನು. ಗದರಿಕೆ ದೊರೆತದ್ದು, ಹೆದರಿ ನೆಲದಲ್ಲಿ ಹೂತಿಟ್ಟವನಿಗೆ ಮಾತ್ರ. ಭಾಗವಹಿಸದೆ ಉಳಿಯುವವರೆಲ್ಲರೂ ಸೋಮಾರಿಗಳಲ್ಲ. ಅವರಲ್ಲಿ ಹೆಚ್ಚಿನವರು ಹೆದರಿದವರು. ಆ ಹೆದರಿಕೆಯನ್ನು ಹೋಗಲಾಡಿಸುವುದು ನಿಯಮ ಬರೆಯುವವರ ಹೊಣೆ.

ಈ ತತ್ವವನ್ನು ನಮ್ಮ ಶತಮಾನೋತ್ಸವಕ್ಕೆ ಅಳವಡಿಸಲು ಐದು ಸಲಹೆಗಳನ್ನು ತಮ್ಮ ಮುಂದಿಡುತ್ತೇವೆ.

ಒಂದನೆಯದು: ಶ್ರೀಗ್ರಂಥ ಸ್ಪರ್ಧೆಯನ್ನು ಸ್ಥಾನಗಳ ಬದಲು ಅರ್ಹತೆಯ ಮಟ್ಟದಿಂದ ನಡೆಸೋಣ. ಸಂತ ಮಾರ್ಕನ ಶುಭಸಂದೇಶ ನಾಲ್ಕರಲ್ಲಿ ಚಿಕ್ಕದು, ಹದಿನಾರೇ ಅಧ್ಯಾಯಗಳು. ವಾರಕ್ಕೊಂದರಂತೆ ಹದಿನಾರು ವಾರ ಮನೆಯಲ್ಲಿ ಕೂಡಿ ಓದಲಿ. ಕೊನೆಯಲ್ಲಿ ಐವತ್ತು ಪ್ರಶ್ನೆಗಳು. ಮೂವತ್ತೈದಕ್ಕೆ ಸರಿಯುತ್ತರ ಕೊಟ್ಟವರೆಲ್ಲರಿಗೂ ಪ್ರಶಸ್ತಿ ಪತ್ರ. ಹತ್ತು ಮಂದಿ ಬಂದರೆ ಹತ್ತು, ಮುನ್ನೂರು ಮಂದಿ ಬಂದರೆ ಮುನ್ನೂರು. ಇಲ್ಲಿ ಒಬ್ಬನು ಗೆದ್ದರೆ ಇನ್ನೊಬ್ಬನಿಗೆ ನಷ್ಟವಿಲ್ಲ. ಆದುದರಿಂದ ಬಲ್ಲವನು ಬಾರದವನಿಗೆ ಹೇಳಿಕೊಡುತ್ತಾನೆ.

ಎರಡನೆಯದು: ತಂಡಗಳು ಮನೆಮಂದಿಯವಾಗಿರಲಿ. ಅಜ್ಜ ಅಥವಾ ಅಜ್ಜಿ, ತಂದೆ ಅಥವಾ ತಾಯಿ, ಒಂದು ಮಗು ಹೀಗೆ ಮೂರು ತಲೆಮಾರು. ಹಿರಿಯರಿಲ್ಲದ ಮನೆಯವರು ನೆರೆಮನೆಯ ಹಿರಿಯರನ್ನು ಸೇರಿಸಿಕೊಳ್ಳಲಿ. ಓದು ಬರಹ ಬಾರದವರಿಗೆ ಬಾಯುತ್ತರಕ್ಕೆ ಅವಕಾಶವಿರಲಿ. ನಮ್ಮಲ್ಲಿ ಕನ್ನಡ, ಕೊಂಕಣಿ, ತಮಿಳು ಮನೆಮಾತಿನವರಿದ್ದಾರೆ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಸ್ವೀಕರಿಸೋಣ.

ಮೂರನೆಯದು: ವಲಯಗಳ ರೋಲಿಂಗ್ ಷೀಲ್ಡನ್ನು ಹೆಚ್ಚು ಪ್ರಥಮ ಬಹುಮಾನ ಗಳಿಸಿದ ವಲಯಕ್ಕೆ ಕೊಡುವ ಬದಲು, ಹೆಚ್ಚಿನ ಪಾಲು ಮನೆಗಳು ಭಾಗವಹಿಸಿದ ವಲಯಕ್ಕೆ ಕೊಡೋಣ. ಅರವತ್ತು ಮನೆಗಳ ವಲಯದಿಂದ ಮೂವತ್ತು ಮನೆಗಳು ಬಂದರೆ ಅದು ನೂರಕ್ಕೆ ಐವತ್ತು. ಇಪ್ಪತ್ತೇ ಮನೆಗಳ ವಲಯದಿಂದ ಹದಿನೈದು ಬಂದರೆ ನೂರಕ್ಕೆ ಎಪ್ಪತ್ತೈದು. ಷೀಲ್ಡು ಆ ಚಿಕ್ಕ ವಲಯದ್ದು. ಆಗ ವಲಯದ ಮುಖಂಡರು ಜಾಣ ಮಕ್ಕಳನ್ನು ಹುಡುಕುವುದನ್ನು ಬಿಟ್ಟು, ಎಷ್ಟೋ ಕಾಲದಿಂದ ಯಾರೂ ತಟ್ಟದ ಬಾಗಿಲುಗಳನ್ನು ತಟ್ಟುತ್ತಾರೆ. ನಮಗೆ ಬೇಕಾದುದೂ ಅದೇ.

ನಾಲ್ಕನೆಯದು: ಒಂದೇ ವಿಭಾಗದಲ್ಲಿ ಎರಡು ಬಾರಿ ಮೊದಲ ಸ್ಥಾನ ಪಡೆದವರನ್ನು ಮೂರನೆಯ ವರ್ಷ ಗೌರವದಿಂದ ತರಬೇತುದಾರರನ್ನಾಗಿ ನೇಮಿಸೋಣ. ಅವರ ಪ್ರತಿಭೆಗೆ ಅಪಮಾನವಾಗುವುದಿಲ್ಲ. ಇತರರ ದಾರಿಯೂ ತೆರವಾಗುತ್ತದೆ.

ಐದನೆಯದು: ವಿಚಾರಣೆಯ ನೂರು ವರ್ಷಗಳ ನೆನಪುಗಳ ಸಂಗ್ರಹ. ಹಳೆಯ ಭಾವಚಿತ್ರ, ಮದುವೆಯ ಕರೆಯೋಲೆ, ದೇವಾಲಯಕ್ಕೆ ಕಲ್ಲು ಹೊತ್ತ ಹಿರಿಯರ ಕಥೆ, ಮೊದಲ ಉಪದೇಶಿಗಳ ನೆನಪು, ಹಿಂದೆ ಹಬ್ಬ ನಡೆಯುತ್ತಿದ್ದ ರೀತಿ, ಏನೇ ಇರಲಿ. ಬರೆಯಲಾರದವರು ಹೇಳಲಿ, ಯುವಕರು ಬರೆದುಕೊಳ್ಳಲಿ. ಇದಕ್ಕೆ ಒಂದನೆಯ, ಎರಡನೆಯ ಸ್ಥಾನಗಳಿಲ್ಲ. ಬಂದುದೆಲ್ಲವನ್ನೂ ಹೆಸರಿನೊಡನೆ ಸಭಾಂಗಣದಲ್ಲಿ ಪ್ರದರ್ಶಿಸೋಣ. ಹಾಡಲು ಬಾರದ, ಓಡಲಾಗದ, ಪ್ರಬಂಧ ಬರೆಯಲಾರದ ಎಂಬತ್ತು ವರ್ಷದ ಅಜ್ಜಿಯ ಬಳಿ ಇರುವುದು ಈ ವಿಚಾರಣೆಯ ಬೇರಾರ ಬಳಿಯೂ ಇಲ್ಲ.

ಇನ್ನು ಕೆಲವು ಸಣ್ಣ ವಿಷಯಗಳು. ಸಣ್ಣವಾದರೂ ಜನರನ್ನು ತಡೆಯುವುದು ಇವೇ. ಪ್ರವೇಶ ಶುಲ್ಕ ಬೇಡ. ಬಾಡಿಗೆಯ ಉಡುಪು ಬೇಕಾಗುವ ವೇಷಭೂಷಣ ಸ್ಪರ್ಧೆಯೂ ಬೇಡ. ಭಾನುವಾರ ಬೆಳಗಿನ ಪೂಜೆಯ ಬಳಿಕ ಸ್ಪರ್ಧೆಯಿಟ್ಟರೆ ಅಡಿಗೆಮನೆಯ ಹೊಣೆ ಹೊತ್ತ ತಾಯಂದಿರು ಬರಲಾರರು. ರಾತ್ರಿ ಪಾಳಿ ಮುಗಿಸಿದವರೂ ಬರಲಾರರು. ಎರಡು ಬೇರೆ ಬೇರೆ ಹೊತ್ತುಗಳನ್ನಿಡಿ. ಅಂಕ ಕೊಡುವ ಕ್ರಮವನ್ನು ಮುಂಚಿತವಾಗಿ ಫಲಕದ ಮೇಲೆ ಬರೆದು ಹಾಕಿ. ತೀರ್ಪುಗಾರರು ಬೇರೆ ವಿಚಾರಣೆಗಳಿಂದ ಬರಲಿ. ಸ್ಪರ್ಧಿಗಳಿಗೆ ಹೆಸರಿನ ಬದಲು ಸಂಖ್ಯೆಯಿರಲಿ. ಪ್ರತಿ ಮಗುವಿಗೂ ತೀರ್ಪುಗಾರರು ಎರಡು ಸಾಲು ಬರೆದುಕೊಡಲಿ: ಚೆನ್ನಾಗಿದ್ದುದು ಯಾವುದು, ಇನ್ನು ತಿದ್ದಿಕೊಳ್ಳಬೇಕಾದುದು ಯಾವುದು. ಪ್ರೆಶರ್ ಕುಕ್ಕರಿಗಿಂತ ಈ ಎರಡು ಸಾಲುಗಳು ಹೆಚ್ಚು ಕಾಲ ಉಳಿಯಬಹುದು. ಬಹುಮಾನ ಬೆಲೆಬಾಳುವುದಾದಷ್ಟೂ ಜಗಳ ಹೆಚ್ಚು. ಆದುದರಿಂದ ಅದು ಸಾಧಾರಣವಾಗಿರಲಿ. ಹಾಗೂ ಬಹುಮಾನ ವಿತರಣೆಯನ್ನು ಭಾಷಣಗಳ ಮೊದಲೇ ಮುಗಿಸಿಬಿಡಿ. ಕೊನೆಯ ಬಸ್ಸನ್ನು ಹಿಡಿಯಬೇಕಾದ ಮನೆಯವರ ಮಗು ತನ್ನ ಹೆಸರು ಕೂಗುವ ಹೊತ್ತಿಗೆ ವೇದಿಕೆಯ ಬಳಿಯಿರಲಿ. ಈ ನಿಯಮ ನಮ್ಮ ಭಾಷಣಕ್ಕೂ ಅನ್ವಯಿಸತಕ್ಕದ್ದು.

ಪ್ರಿಯರೇ, ಹೀಗೆ ಮಾಡಿದರೆ ಸ್ಪರ್ಧೆಗಳ ಮಟ್ಟ ಇಳಿಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಒಳ್ಳೆಯ ಗಾಯಕರಿಗೂ ಓಟಗಾರರಿಗೂ ಅವರ ಸ್ಥಾನ ಇದ್ದೇ ಇರುತ್ತದೆ; ಅವರ ಪಾರಿತೋಷಕವನ್ನು ನಾವು ಕಸಿದುಕೊಳ್ಳುತ್ತಿಲ್ಲ. ಆದರೆ ಉತ್ಸವ ಮುಗಿದ ಮರುದಿನ ಕಪಾಟಿನಲ್ಲಿ ಎಷ್ಟು ಕಪ್ಪುಗಳಿವೆ ಎಂದು ಎಣಿಸುವುದಕ್ಕಿಂತ, ದೇವಾಲಯದ ಮೆಟ್ಟಿಲನ್ನು ಹೊಸದಾಗಿ ಹತ್ತಿದವರು ಎಷ್ಟು ಮಂದಿ ಎಂದು ಎಣಿಸುವುದು ಲೇಸು. ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರಲ್ಲಿ ಮೊದಲ ಕಲ್ಲು ಹೊತ್ತವರು ಯಾರು, ಹೆಚ್ಚು ಕಲ್ಲು ಹೊತ್ತವರು ಯಾರು ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಗೋಡೆ ಮಾತ್ರ ನಿಂತಿದೆ.

ನಿಯಮಾವಳಿಯ ಕರಡನ್ನು ಮುಂದಿನ ಸಭೆಯೊಳಗಾಗಿ ಸಿದ್ಧಪಡಿಸಬೇಕೆಂದೂ, ಅದನ್ನು ಅಂಗೀಕರಿಸುವ ಮೊದಲು ಪ್ರತಿ ವಲಯದಲ್ಲಿ ಇದುವರೆಗೆ ಯಾವ ಸ್ಪರ್ಧೆಗೂ ಬಾರದ ಒಂದು ಮನೆಯವರಿಗಾದರೂ ಓದಿ ಹೇಳಿ ಅವರ ಅಭಿಪ್ರಾಯವನ್ನು ತರಬೇಕೆಂದೂ ಸಮಿತಿಯವರನ್ನು ಕೇಳಿಕೊಳ್ಳುತ್ತೇವೆ. ತಮ್ಮೆಲ್ಲರ ಶ್ರಮವನ್ನು ದಯಾಮಯರಾದ ದೇವರು ಆಶೀರ್ವದಿಸಲಿ. ಮಾತೆ ಮರಿಯಮ್ಮನವರು ನಮ್ಮ ವಿಚಾರಣೆಯ ಎಲ್ಲ ಮನೆಗಳನ್ನೂ ತಮ್ಮ ಆಶ್ರಯದಲ್ಲಿ ಕಾಪಾಡಲಿ ಎಂದು ಪ್ರಾರ್ಥಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.